ಬಾಡಿಗೆ ಮೂಗು

“ಗೋಡೆಗೆ ಮುತ್ತು ಕೊಡೋಕೆ ಕರ್ಕೊಂಡು ಬಂದಿಲ್ಲ ನಿನ್ನ. ಮೂಸು. ಸರಿಯಾಗಿ ಉಸಿರೆಳೆದು ಮೂಸು, ಮುಂಡೇದೇ.”

ಮೇಸ್ತ್ರಿ ಸೊಸೆಯ ಕತ್ತಿನ ಹಿಂದೆ ಎರಡು ಬೆರಳಿಟ್ಟು ಅವಳ ಮುಖವನ್ನು ಗೋಡೆಯ ಕಡೆಗೆ ದೂಡಿದ. ಏಳು ತಿಂಗಳ ಹೊಟ್ಟೆ ಮೊದಲು ಗೋಡೆಗೆ ತಗುಲಿತು. ಅವಳು ಓರೆಯಾಗಿ ತಿರುಗಿ, ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಜೊತೆಗೆ ಕೆಲಸಕ್ಕೆ ಬಂದಿದ್ದ ಅವಳ ಅತ್ತೆ ಬಕೆಟ್ಟಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬಟ್ಟೆ ಹಿಂಡುತ್ತಿದ್ದಳು. ಹಿಂಡಿದ್ದನ್ನೇ ಮತ್ತೆ ಹಿಂಡುತ್ತಿದ್ದಳು.

“ಇದೆ,” ಅಂದಳು ಸೊಸೆ.

“ಇದೆ ಅಂದ್ರೆ? ಎಷ್ಟಿದೆ?” ಬಾಗಿಲಲ್ಲಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ನಿಂತಿದ್ದ ಅಮ್ಮಾವ್ರು ಕೇಳಿದರು. ಅವರು ಈ ಮನೆಯ ಧಣಿಯ ಹೆಂಡತಿ. ತಮ್ಮ ಮನೆಯ ವಾಸನೆ ಎಷ್ಟಿದೆ ಅಂತ ತಮ್ಮ ಮೂಗಿನಿಂದ ನೋಡುವ ಅಭ್ಯಾಸ ಅವರಿಗಿರಲಿಲ್ಲ.

“ತುಂಬಾ ಇದೆ ಅಮ್ಮಾವ್ರೇ. ಗೋಡೆ ಮೇಲ್ಗಡೆ ಇನ್ನೂ...” ಮಾತು ಅಷ್ಟಕ್ಕೇ ನಿಂತಿತು. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿನತ್ತ ಓಡಿದಳು.

“ಏಯ್, ಏಯ್, ಅಲ್ಲಿ ಬೇಡ! ತೊಳೆದಿಟ್ಟಿರೋ ಬೇಸಿನ್ನು! ಹಿತ್ತಿಲಿಗೆ ಹೋಗಿ ಕಕ್ಕು!” ಅಮ್ಮಾವ್ರು ಕೂಗಿದರು.

ಸೊಸೆ ಮೆಟ್ಟಿಲಿಳಿದು ಹಿತ್ತಿಲಿಗೆ ಓಡಬೇಕಾಯಿತು. ಅರ್ಧ ದಾರಿಯಲ್ಲೇ ಆಗಿಹೋಯಿತು. ಅದನ್ನು ಅತ್ತೆ ಹೋಗಿ ಒರೆಸಿದಳು. ಮೇಲೆ ಅಮ್ಮಾವ್ರು ಮೇಸ್ತ್ರಿಗೆ ಹೇಳುತ್ತಿದ್ದುದು ಅವಳಿಗೆ ಕೇಳಿಸಿತು. “ನೋಡಿದ್ಯಾ ಮೇಸ್ತ್ರಿ, ಇವಳು ಕಕ್ತಾಳೆ ಅಂದ್ರೆ ವಾಸನೆ ಇನ್ನೂ ಇದೆ ಅಂತ್ಲೇ ಲೆಕ್ಕ. ಕಕ್ಕೋದು ನಿಂತ ದಿನ ನನ್ನ ಮೊಮ್ಮಗುವನ್ನ ಕರ್ಕೊಂಡು ಬರ್ತೀನಿ. ಇನ್ನೊಂದು ಸಲ ತೊಳೆಸು.”

ಈ ಕೆಲಸದವರಲ್ಲಿ ಒಂದು ವಾಡಿಕೆ ಇದೆ. ಹೊಗೆ ತೊಳೆಯುವವರ ಮೂಗು ಹೊಗೆಗೇ ಹೋಗಿಬಿಡುತ್ತದೆ. ತೊಳೆದ ಕೋಣೆ ಇನ್ನೂ ನಾರುತ್ತಿದೆಯೋ ಇಲ್ಲವೋ ಅಂತ ತೊಳೆದವರಿಗೇ ತಿಳಿಯುವುದಿಲ್ಲ. ಹಾಗಾಗಿ ಕೋಣೆ ಒಪ್ಪಿಸುವ ಮೊದಲು ಹೊರಗಿನಿಂದ ಯಾರನ್ನಾದರೂ ಕರೆದು ಮೂಸಿಸಬೇಕು, ಗೇಟು ಕಾಯುವವನನ್ನೋ, ತೋಟಕ್ಕೆ ನೀರು ಬಿಡುವವಳನ್ನೋ. ಅತ್ತೆಯ ಮೂಗಂತೂ ಸತ್ತು ಎಷ್ಟೋ ಕಾಲವಾಗಿತ್ತು. ಒಲೆಯ ಮೇಲೆ ಪಾತ್ರೆ ಸೀದು ಕರಕಲಾದರೂ ಪಕ್ಕದ ಮನೆಯವರು ಬಂದು ಬಾಗಿಲು ಬಡಿಯಬೇಕಿತ್ತು.

ಧಣಿಗೊಂದು ಕ್ಲಬ್ಬಿತ್ತು. ಅಲ್ಲಿನ ಇಸ್ಪೀಟಿನ ಕೋಣೆಗಳಲ್ಲಿ ದೊಡ್ಡ ದೊಡ್ಡವರು ರಾತ್ರಿಯೆಲ್ಲ ಕೂತು ಎಳೆದೆಳೆದು ಬಿಟ್ಟ ಹೊಗೆಯನ್ನು ಬೆಳಿಗ್ಗೆ ತೊಳೆದು ತೆಗೆಯುವುದು ಅತ್ತೆಯ ಕೆಲಸ. ಮದುವೆಯಾಗಿ ಬಂದ ಮೇಲೆ ಸೊಸೆಯೂ ಜೊತೆಗೆ ಸೇರಿದಳು. ಮಗ ಲಾರಿಯ ಮೇಲೆ ಹೋದವನು, ಯಾವಾಗಲೋ ಒಮ್ಮೆ ಬಂದು ಮುಖ ತೋರಿಸಿ, ಮಲಗಿ ಎದ್ದು ಹೋಗುತ್ತಿದ್ದ. ಹಾಗಾಗಿ ಮನೆ ಅಂದರೆ ಇವರಿಬ್ಬರೇ. ಹೊರಗಿನವರು ತಾಯಿ ಮಗಳು ಅಂದುಕೊಳ್ಳುತ್ತಿದ್ದರು, ಒಂದೇ ಥರ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದುದಕ್ಕೆ.

ಸೊಸೆಯ ಹೊಟ್ಟೆ ಕಾಣುವ ಹಾಗಾದಾಗ ಮೇಸ್ತ್ರಿ ತಕರಾರು ತೆಗೆದ. ಮೇಸ್ತ್ರಿ ಅಂದರೆ ಇವರದೇ ಬೀದಿಯಲ್ಲಿ ಹುಟ್ಟಿ, ಇವರ ಹಾಗೇ ಬಕೆಟ್ ಹೊತ್ತು, ಕೈಗೆ ಕ್ಲಬ್ಬಿನ ಬೀಗದ ಗೊಂಚಲು ಬಂದ ದಿನದಿಂದ ಹುಟ್ಟಿದ ಬೀದಿಯನ್ನೇ ಮರೆತವನು.

“ಹೊಟ್ಟೆ ಹೊರ್ತಾಳೋ, ಬಕೆಟ್ ಹೊರ್ತಾಳೋ? ನಾಳೆಯಿಂದ ಬೇಡ ಇವಳು.”

ಬಡವರ ಮನೆಯಲ್ಲಿ ಮಾರುವುದಕ್ಕೆ ಬೇರೇನೂ ಉಳಿಯದಿದ್ದಾಗ ಬಾಯಿ ಸುಮ್ಮನಿರುವುದಿಲ್ಲ, ಇದ್ದದ್ದನ್ನೆಲ್ಲ ಹರಾಜಿಗೆ ಕೂಗುತ್ತದೆ. ಅತ್ತೆಯ ಬಾಯಿಯೂ ಕೂಗಿತು.

“ಅಯ್ಯೋ ಮೇಸ್ತ್ರಿ, ಹಾಗನ್ಬೇಡಿ. ಬಸುರಾದ ಮೇಲೆ ಇವಳ ಮೂಗು ನೋಡ್ಬೇಕು ನೀವು! ಆಚೆ ಬೀದೀಲಿ ಯಾರಾದ್ರೂ ಕಡ್ಡಿ ಗೀರಿದ್ರೆ ಇವಳು ಮನೆಯೊಳಗೆ ಮೂಗು ಮುಚ್ಕೋತಾಳೆ. ಗೇಟಿನೋನ ಮೂಗೂ ಒಂದು ಮೂಗಾ? ತಾನೇ ಬೀಡಿ ಸೇದಿ ಬಂದು ಮೂಸ್ತಾನೆ. ನನ್ನದಂತೂ ಸತ್ತೇ ಹೋಗಿದೆ. ಇವಳನ್ನ ಇಟ್ಕೊಳ್ಳಿ, ನಿಮ್ಮ ಒಂದು ರೂಮೂ ಮತ್ತೆ ತೊಳೀರಿ ಅಂತ ವಾಪಸ್ ಬರಲ್ಲ.”

ಮೇಸ್ತ್ರಿ ಪರೀಕ್ಷೆ ಮಾಡಿದ. ಒಗೆದ ಪರದೆಗಳ ರಾಶಿಯಲ್ಲಿ ಒಗೆಯದ ಒಂದನ್ನು ಸೇರಿಸಿಟ್ಟು ಹುಡುಕು ಅಂದ. ಸೊಸೆ ರಾಶಿಯ ಹತ್ತಿರ ಹೋಗುವ ಮೊದಲೇ ಓಕರಿಸಿದಳು. ಮೇಸ್ತ್ರಿ ಬಿದ್ದು ಬಿದ್ದು ನಕ್ಕ, ಗೇಟಿನವನನ್ನೂ ಕರೆದು ತೋರಿಸಿದ. ಅವತ್ತಿನಿಂದ ಸೊಸೆಗೆ ಬಕೆಟ್ ತಪ್ಪಿತು. “ಮೂಗು ಎಲ್ಲಿ? ಮೂಗನ್ನ ಮೇಲೆ ಕಳಿಸು,” ಅಂತ ಕೂಗುವುದು ಶುರುವಾಯಿತು. ಒಂದು ವಾರ ಅತ್ತೆ ಹೆಮ್ಮೆಯಿಂದಲೇ ಓಡಾಡಿದಳು. ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಿದ್ದೇನೆ ಅನ್ನುವುದು ಗೊತ್ತಾದದ್ದು ಆಸ್ಪತ್ರೆಯಲ್ಲಿ.

ನರ್ಸಮ್ಮ ಸೊಸೆಯ ಹೊಟ್ಟೆಯ ಮೇಲೆ ಟೇಪು ಎಳೆದು, ಇನ್ನೊಮ್ಮೆ ಎಳೆದು, ಮುಖ ಸಿಂಡರಿಸಿದಳು.

“ತಿಂಗಳಿಗೆ ತಕ್ಕ ಹಾಗೆ ಬೆಳೆದಿಲ್ಲ ಮಗು. ಮನೇಲಿ ಯಾರು ಸೇದ್ತಾರೆ?”

“ಯಾರೂ ಇಲ್ಲಮ್ಮ.”

“ಸುಳ್ಳು ಹೇಳ್ಬೇಡ. ಮೈಯೆಲ್ಲ ಹೊಗೆ ನಾರ್ತಿದೀಯ. ನೀನೇ ಕದ್ದು ಸೇದ್ತೀಯಾ?”

ಸೊಸೆ ತಲೆ ತಗ್ಗಿಸಿದಳು. ಪಕ್ಕದ ಬೆಂಚಿನಲ್ಲಿದ್ದ ಹೆಂಗಸರು ಸ್ವಲ್ಪ ಸರಿದು ಕೂತರು. ಅತ್ತೆ ಕ್ಲಬ್ಬಿನ ಕೆಲಸದ ವಿಷಯ ಹೇಳಿದ ಮೇಲೆ ನರ್ಸಮ್ಮನ ದನಿ ಇಳಿಯಿತು. “ಹಿಂದೆ ಒಂದು ಹೋಗಿದೆ ಅಂತ ಕಾರ್ಡಲ್ಲಿ ಬರೆದಿದ್ದಾರಲ್ಲ. ಇದಾದ್ರೂ ಉಳೀಬೇಕು ಅಂದ್ರೆ ಹೊಗೆಯ ಹತ್ರ ಸುಳೀಬೇಡಿ. ಗೋಡೆಗೆ ಮೆತ್ಕೊಂಡಿರೋದೂ ವಿಷಾನೇ,” ಅಂದಳು.

ಹಿಂದಿನದು ಐದನೇ ತಿಂಗಳಲ್ಲಿ ಹೋಗಿತ್ತು. ಅದನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿದ್ದು ಅತ್ತೆಯೇ. ಈ ಸಲ ಸೊಸೆ ಕೆಮ್ಮಿದರೂ ಅವಳ ಎದೆ ಧಸಕ್ಕೆನ್ನುತ್ತಿತ್ತು. ಅವತ್ತೇ ಹೋಗಿ ಮೇಸ್ತ್ರಿಯ ಮುಂದೆ ಕೈಮುಗಿದು ನಿಂತಳು. ಕ್ಲಬ್ಬಿನ ಕೆಳಗಿನ ಮನೆಯಲ್ಲಿ ಒಗೆದ ಬಟ್ಟೆ ಮಡಚುವ ಕೆಲಸವಿತ್ತು. ಕಿಟಕಿಯ ಪಕ್ಕ ಕೂತು ಮಾಡುವ ಕೆಲಸ. ಅದನ್ನು ಸೊಸೆಗೆ ಕೊಡಿ ಅಂತ ಬೇಡಿಕೊಂಡಳು.

“ಕೊಡೋಣ,” ಅಂದ ಮೇಸ್ತ್ರಿ, ಹಲ್ಲಿನ ಸಂದಿನಲ್ಲಿ ಕಡ್ಡಿ ಆಡಿಸುತ್ತ. “ಧಣಿ ಮನೇಲಿ ಒಂದು ರೂಮಿದೆ. ಅದನ್ನ ಒಪ್ಪಿಸಿಬಿಡಿ. ಆಮೇಲೆ ಮಡಚಲಿ, ಹೆರೋವರೆಗೂ ಮಡಚಲಿ, ಯಾರು ಬೇಡ ಅಂದೋರು?”

ಇನ್ನೊಂದೇ ಒಂದು ಕೋಣೆ. ಹಾಗಂತ ಬಂದವರು ಇವರು.

ಧಣಿಯ ಮಗಳು ಹೆತ್ತು ಆಸ್ಪತ್ರೆಯಲ್ಲಿದ್ದಳು. ಮಗು ದಿನ ತುಂಬುವ ಮೊದಲೇ ಹುಟ್ಟಿತ್ತು. ಹೊಗೆಯಿರಲಿ, ಹೊಗೆಯ ವಾಸನೆಯೂ ಅದಕ್ಕೆ ತಾಗಬಾರದು ಅಂತ ಡಾಕ್ಟರು ಹೇಳಿದ್ದರು. ಮನೆಯಲ್ಲಿ ಬೇಕಾದಷ್ಟು ಕೋಣೆಗಳಿದ್ದವು. ಆದರೆ ಮಗಳಿಗೆ ಮಹಡಿಯ ಆ ಒಂದೇ ಕೋಣೆ ಬೇಕು, ಬೆಳಗಿನ ಬಿಸಿಲು ಬೀಳುವುದು ಅದಕ್ಕೇ. ಆ ಕೋಣೆಯಲ್ಲಿ ಧಣಿ ಮೂವತ್ತು ವರ್ಷ ಕೂತು ಚುಟ್ಟಾ ಸೇದಿದ್ದ. ಗೆಳೆಯರನ್ನು ಕೂರಿಸಿಕೊಂಡು ಸೇದಿದ್ದ, ಗೆಳೆಯರು ಸತ್ತ ಮೇಲೆ ಒಬ್ಬನೇ ಕೂತು ಸೇದಿದ್ದ.

ಮೊದಲ ದಿನ ಬಟ್ಟೆ ಅನ್ನುವುದನ್ನೆಲ್ಲ ಹೊರಗೆ ಸಾಗಿಸಿದರು. ಪರದೆ, ರತ್ನಗಂಬಳಿ, ಹಾಸಿಗೆ, ದಿಂಬು. ಒಂದು ಕಿಟಕಿಯಲ್ಲಿ ಫ್ಯಾನಿನ ಮುಖ ಹೊರಕ್ಕೆ ತಿರುಗಿಸಿಟ್ಟು, ಪಕ್ಕದ ಕಿಟಕಿ ತೆರೆದಿಟ್ಟು ಒಳಗಿನ ಗಾಳಿಯನ್ನು ಆಚೆ ದೂಡಿಸಿದರು. ಆಮೇಲೆ ಗೋಡೆ. ಬಿಸಿನೀರಿಗೆ ಸೋಡಾಪುಡಿ ಹಾಕಿ ಕೆಳಗಿನಿಂದ ಮೇಲಕ್ಕೆ ಉಜ್ಜಬೇಕು. ಮೇಲಿನಿಂದ ಶುರುಮಾಡಿದರೆ ಇಳಿದ ಕೊಳೆ ಕೆಳಗಿನ ಒಣಗೋಡೆಯ ಮೇಲೆ ಬರೆ ಎಳೆದು, ಆ ಬರೆ ಮತ್ತೆ ಹೋಗುವುದಿಲ್ಲ. ಉಜ್ಜಿದಲ್ಲೆಲ್ಲ ಗೋಡೆ ಕಂದು ನೀರು ಬಿಟ್ಟಿತು. ಬಕೆಟ್ಟಿನ ನೀರು ಎರಡು ಸಲ ಬಟ್ಟೆ ಅದ್ದುವಷ್ಟರಲ್ಲಿ ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ಬಲ್ಬು ಒರೆಸಿದರೆ ಬೆಳಕಿನ ಬಣ್ಣವೇ ಬದಲಾಯಿತು. ಸ್ವಿಚ್ಚು, ಬಾಗಿಲ ಹಿಡಿ, ಕಪಾಟಿನ ಬೆನ್ನು, ಡ್ರಾಯರಿನ ಹೊಟ್ಟೆ, ಎಲ್ಲಿ ಮುಟ್ಟಿದರೂ ಅಂಟು. ಮೂವತ್ತು ವರ್ಷ ಈ ಮನುಷ್ಯ ಉಗುಳಿದ್ದನ್ನೆಲ್ಲ ಗೋಡೆ ಒಂದು ಮಾತಾಡದೆ ನುಂಗಿಕೊಂಡು ಕೂತಿತ್ತು. ಅತ್ತೆಯ ಕೈ ಸೋಡಾಕ್ಕೆ ಬಿರಿದು ಉರಿಯುತ್ತಿತ್ತು.

ಮೇಸ್ತ್ರಿ ಬಂದು ಅದರ ಮೇಲೆ ಸೆಂಟು ಹೊಡೆದ. ಹೊಗೆಯ ಜೊತೆ ಸೆಂಟೂ ಸೇರಿ ಸೊಸೆ ಅವತ್ತು ಎರಡು ಪಾಲು ಕಕ್ಕಿದಳು. ಇವನ ಬುದ್ಧಿಯೇ ಅಷ್ಟು.

ನಾಲ್ಕನೇ ದಿನ ಧಣಿಯೇ ಕೆಲಸ ನೋಡಲು ಬಂದ. ಬಾಯಲ್ಲಿ ಚುಟ್ಟಾ ಉರಿಯುತ್ತಿತ್ತು. ಕೋಣೆಯಲ್ಲಿ ಉಳಿದಿದ್ದದ್ದು ಅವನ ಆರಾಮ ಕುರ್ಚಿಯೊಂದೇ. ಅದು ಅವನಪ್ಪನದಂತೆ, ಹೊರಗೆ ಹಾಕುವ ಹಾಗಿರಲಿಲ್ಲ. ಅದರಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿ, ಆಗತಾನೇ ತೊಳೆದ ಗೋಡೆಗೆ ಎದುರಾಗಿ ಉದ್ದಕ್ಕೆ ಒಂದು ಹೊಗೆ ಬಿಟ್ಟ.

“ಇನ್ನೂ ವಾಸನೆ ಹೋಗಿಲ್ವಂತಲ್ಲೇ?”

ಅತ್ತೆ ಬಟ್ಟೆ ಕೆಳಗಿಟ್ಟಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾಲಗೆಯ ತುದಿಗೆ ಬಂದ ಬೈಗುಳವನ್ನು ಉಗುಳಿನ ಜೊತೆ ನುಂಗಿ, ಆದಷ್ಟು ಮೆತ್ತಗೆ ಹೇಳಿದಳು. “ಧಣೀ, ತಪ್ಪು ತಿಳ್ಕೋಬೇಡಿ. ಈ ರೂಮು ಮುಗಿಯೋವರೆಗೆ ತಾವು ಕೆಳಗೆ ಸೇದಿದ್ರೆ...”

“ಯಾಕೆ?”

“ತೊಳೆದದ್ದೆಲ್ಲ ಮತ್ತೆ ಹತ್ಕೊಳ್ಳುತ್ತೆ, ಅದಕ್ಕೇ.”

“ಹತ್ಕೊಂಡ್ರೆ ಮತ್ತೆ ತೊಳಿ. ಅದಕ್ಕೆ ತಾನೇ ನಿನ್ನ ಕರ್ಸಿರೋದು?” ಧಣಿಗೆ ತನ್ನ ಮಾತು ತನಗೇ ರುಚಿಸಿತು. “ಮೂವತ್ತು ವರ್ಷದ ಹೊಗೆ ಕಣೇ ಇದು. ನೀವು ನಾಲ್ಕು ದಿನ ನೀರು ಚೆಲ್ಲಿದ್ರೆ ಹೋಗ್ಬಿಡುತ್ತಾ?” ಹೊಗೆಯನ್ನೂ ಅವನು ಗದ್ದೆ, ಬಂಗಲೆಗಳ ಲೆಕ್ಕಕ್ಕೆ ಸೇರಿಸಿ ಮಾತಾಡುತ್ತಿದ್ದ. “ಈ ಡಾಕ್ಟರುಗಳ ಮಾತು ಕೇಳಿ ನಮ್ಮೋಳು ಕುಣೀತಾಳೆ. ನಿಮ್ಮ ಬೀದೀಲಿ ಮನೆಮನೇಲೂ ಬೀಡಿ ಸೇದಲ್ವಾ? ನಿಮ್ಮ ಮಕ್ಕಳಿಗೇನಾಗಿದೆ? ಇಲಿ ಮರಿಗಳ ಥರ ಹುಟ್ತಾನೇ ಇದಾವೆ.”

ಕಿಟಕಿಯ ಹತ್ತಿರ ನಿಂತಿದ್ದ ಸೊಸೆಯ ಕಡೆಗೆ, ಅವಳ ಹೊಟ್ಟೆಯ ಕಡೆಗೆ ಅವನು ಚುಟ್ಟಾ ತೋರಿಸಿದ. “ಇದೇನಾ ಆ ಮೂಗು? ಎಲ್ಲಿ, ಹೇಳು ನೋಡೋಣ, ಇದು ಯಾವ ಚುಟ್ಟಾ?”

ಸೊಸೆ ಸೆರಗು ಮೂಗಿಗೆ ಒತ್ತಿ ಕಿಟಕಿಯತ್ತ ತಿರುಗಿದಳು. ಅವನು ನಗುತ್ತ ಎದ್ದು, ಅತ್ತೆ ಆಗಷ್ಟೇ ತಂದಿಟ್ಟಿದ್ದ ಶುದ್ಧ ನೀರಿನ ಬಕೆಟ್ಟಿಗೆ ಬೂದಿ ಕೊಡವಿ ಹೋದ. ಅತ್ತೆ ಬಕೆಟ್ ಎತ್ತಿಕೊಂಡು ಹೋಗಿ ಚೆಲ್ಲಿ, ಬೇರೆ ನೀರು ತಂದಳು. ಮೆಟ್ಟಿಲು ಹತ್ತುತ್ತ ಅವನ ಏಳು ತಲೆಮಾರಿಗೂ ಸಾಕಾಗುವಷ್ಟು ಬೈದಳು, ಬಾಯಿ ಮಾತ್ರ ಬಿಚ್ಚಲಿಲ್ಲ.

ಮಧ್ಯಾಹ್ನ ಹಿತ್ತಿಲಿನ ಶೆಡ್ಡಿನಲ್ಲಿ ಬುತ್ತಿ ಬಿಚ್ಚಿದಾಗ ಸೊಸೆ ಕೈ ಹಾಕಲಿಲ್ಲ.

“ತಿನ್ನೇ. ಎರಡು ಜೀವದವಳು ನೀನು.”

“ಅತ್ತೆ, ಬೆಳಿಗ್ಗೆಯಿಂದ ಒದ್ದಿಲ್ಲ ಇದು.”

ಅತ್ತೆ ಬುತ್ತಿ ಪಕ್ಕಕ್ಕೆ ಸರಿಸಿದಳು. ಕೈ ಒರೆಸಿಕೊಂಡು ಸೊಸೆಯ ಹೊಟ್ಟೆಯ ಮೇಲೆ ಅಂಗೈಯಿಟ್ಟಳು. ಬಹಳ ಹೊತ್ತು ಇಟ್ಟುಕೊಂಡೇ ಕೂತಳು. ಒಮ್ಮೆ ಏನೋ ಅಲುಗಿದ ಹಾಗನ್ನಿಸಿತು. ಅದು ಮಗುವೋ, ಸೊಸೆ ಎಳೆದ ಉಸಿರೋ ತಿಳಿಯಲಿಲ್ಲ.

“ಮಲಗಿರುತ್ತೆ. ಮಲಗಬಾರದಾ ಅದು?”

“ಅವರ ಮಗೂಗೆ ವಾಸನೆಯೂ ತಾಗಬಾರದಂತೆ. ನನ್ನ ಮಗು ಮಾತ್ರ ಗೋಡೆ ಗೋಡೆ ಮೂಸಿ ನೋಡ್ಬೇಕಾ? ಸಾಕು ಅತ್ತೆ. ಹೋಗೋಣ ನಡೀರಿ.”

“ಹುಚ್ಚಿ! ಈಗ ಹೋದ್ರೆ ಇಷ್ಟು ದಿನ ಮೂಸಿದ್ದೆಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಗುತ್ತೆ. ಕ್ಲಬ್ಬೂ ಹೋಗುತ್ತೆ, ಮಡಚೋ ಕೆಲಸಾನೂ ಹೋಗುತ್ತೆ. ಹೆರೋ ಹೊತ್ತಿಗೆ ಮನೇಲಿ ಏನಿರುತ್ತೆ? ಇನ್ನೊಂದೆರಡು ದಿನ ಹಲ್ಲು ಕಚ್ಕೊಂಡಿರು. ನನ್ನ ಮಾತು ಕೇಳು.”

ಸೊಸೆ ಕೇಳಿದಳು. ಅವಳು ಯಾವತ್ತೂ ಅತ್ತೆಯ ಮಾತು ಮೀರಿದವಳಲ್ಲ. ಅದು ಅತ್ತೆಗೂ ಗೊತ್ತಿತ್ತು, ಮೇಸ್ತ್ರಿಗೂ ಗೊತ್ತಿತ್ತು.

ಆಮೇಲೆ ಗೋಡೆಗೆ ಹೊಸ ಬಣ್ಣ ಬಳಿಸಿದರು. ಕುರ್ಚಿಯನ್ನು ಅಮ್ಮಾವ್ರೇ ಜಗಳವಾಡಿ ಹೊರಗೆ ಹಾಕಿಸಿದರು. ಹೊರಗೆ ಅಂದರೆ ಕೋಣೆಯ ಬಾಗಿಲಿನ ಆಚೆ, ಮಹಡಿಯ ಪಡಸಾಲೆಗೆ. ಹೊಸ ಹಾಸಿಗೆ ಬಂತು, ಹೊಸ ಪರದೆ ಬಂತು, ಮೂಲೆಮೂಲೆಗೆ ಇದ್ದಿಲಿನ ಬುಟ್ಟಿ ಇಟ್ಟರು. ಬಣ್ಣ ಆರಿದ ಮೇಲೆ ಸೊಸೆ ಬಂದು ನಾಲ್ಕೂ ಗೋಡೆ ಮೂಸಿದಳು, ಕಪಾಟಿನೊಳಗೆ ತಲೆಹಾಕಿ ಮೂಸಿದಳು. ಕಕ್ಕಲಿಲ್ಲ.

“ಇಲ್ಲ ಅಮ್ಮಾವ್ರೇ. ಹೋಗಿದೆ.”

ಅತ್ತೆಯ ಎದೆಯ ಮೇಲಿನ ಕಲ್ಲು ಇಳಿಯಿತು. ಬ್ರಷ್ಷು, ಬಕೆಟ್ ಎಲ್ಲ ಒಟ್ಟು ಮಾಡಲು ಶುರುಮಾಡಿದಳು. ನಾಳೆ ಸೊಸೆಯನ್ನು ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಆಮೇಲೆ ಮಡಚುವ ಕೆಲಸ. ಅಷ್ಟರಲ್ಲಿ ಅಮ್ಮಾವ್ರು ಫೋನು ಹಿಡಿದುಕೊಂಡು ಬಂದರು.

“ಮೇಸ್ತ್ರಿ, ಇನ್ನೂ ಮುಗಿದಿಲ್ಲ. ಡಾಕ್ಟರ್ ಹೇಳ್ತಾರೆ, ಕಿಟಕಿ ತೆಗೆದಿಟ್ರೆ ಎಲ್ಲಾ ರೂಮೂ ಚೆನ್ನಾಗೇ ಇರುತ್ತಂತೆ. ಮುಚ್ಚಿ, ಒಳಗೆ ಬಿಸಿ ಮಾಡಿದ್ರೆ ಆಗ ಗೋಡೆಯೊಳಗೆ ಅಡಗಿರೋದು ಹೊರಗೆ ಬರುತ್ತಂತೆ.”

“ಹಾಗಾದ್ರೆ ಮುಚ್ಚಿಡೋಣ ಅಮ್ಮಾವ್ರೇ. ಸಂಜೆ ಬಾಗಿಲು ತೆಗೆದು ಇವಳ ಕೈಲಿ ಮೂಸಿಸಿದ್ರಾಯ್ತು,” ಅಂದಳು ಅತ್ತೆ.

“ಬಾಗಿಲು ತೆಗೆದ ತಕ್ಷಣ ಅರ್ಧ ವಾಸನೆ ಆಚೆ ಹೋಗುತ್ತೆ. ನನ್ನ ಮೊಮ್ಮಗು ಬಾಗಿಲಲ್ಲಿ ನಿಂತು ಮೂಸಿ ಹೋಗುತ್ತಾ? ಒಳಗೇ ಮಲಗುತ್ತೆ ಅದು. ಹೀಟರ್ ಹಾಕಿ, ಇವಳು ಒಳಗೇ ಕೂತ್ಕೊಳ್ಳಲಿ. ದೀಪ ಹಚ್ಚೋ ಹೊತ್ತಿನವರೆಗೆ ಕಕ್ಕದೆ ಇದ್ರೆ ರೂಮು ಸರಿಯಾಗಿದೆ ಅಂತ.”

ಎಷ್ಟು ಅಚ್ಚುಕಟ್ಟಾದ ಯೋಚನೆ! ಮೇಸ್ತ್ರಿ ಮೆಚ್ಚಿ ತಲೆದೂಗಿದ.

“ನಾನು ಕೂತ್ಕೋತೀನಿ ಅಮ್ಮಾವ್ರೇ. ದಿನಗಟ್ಟಲೆ ಬೇಕಾದ್ರೂ ಕೂರ್ತೀನಿ.”

“ನೀನು ಕೂತ್ರೇನು, ಕಂಬ ಕೂತ್ರೇನು? ನಿನ್ನ ಮೂಗು ಸತ್ತಿದೆ ಅಂತ ನೀನೇ ಹೇಳಿದೀಯಂತೆ.”

“ಏಳು ತಿಂಗಳು ಅಮ್ಮಾವ್ರೇ, ಮುಚ್ಚಿದ ರೂಮಲ್ಲಿ...”

“ಏನೇ ಮುದುಕಿ,” ಮೇಸ್ತ್ರಿ ನಡುವೆ ಬಾಯಿ ಹಾಕಿದ, “ಮಡಚೋ ಕೆಲಸ ಬೇಕೋ ಬೇಡ್ವೋ? ನಿನ್ನ ಸೊಸೆಗೆ ಹೊಸ ಬಣ್ಣ, ಹೊಸ ಪರದೆ, ಬೆಚ್ಚಗೆ ಹೀಟರ್. ನಿಮ್ಮ ವಂಶದಲ್ಲಿ ಯಾರಾದ್ರೂ ಇಂಥ ರೂಮಲ್ಲಿ ಕೂತಿದ್ದಾರಾ?”

ಸೊಸೆ ಅತ್ತೆಯ ಮುಖ ನೋಡಿದಳು. ಅಮ್ಮಾವ್ರನ್ನಲ್ಲ, ಮೇಸ್ತ್ರಿಯನ್ನಲ್ಲ, ಅತ್ತೆಯನ್ನೇ ನೋಡಿದಳು. ಅತ್ತೆ ಕಣ್ಣು ತಪ್ಪಿಸಿ ಹೇಳಿದಳು. “ಹೋಗು ಮಗಳೇ. ದೀಪ ಹಚ್ಚೋವರೆಗೆ ತಾನೇ. ಇದೊಂದೇ ದಿನ.”

ಹೊಸ ಹಾಸಿಗೆಯ ಮೇಲೆ ಕೂರುವ ಹಾಗಿರಲಿಲ್ಲ. ಅಡುಗೆಮನೆಯಿಂದ ಒಂದು ಮರದ ಸ್ಟೂಲು ತಂದು ಕೋಣೆಯ ನಡುವೆ ಹಾಕಿದರು. ಎರಡೂ ಕಿಟಕಿಗಳ ಚಿಲಕ ಸಡಿಲವಾಗಿದ್ದರಿಂದ ಗಾಳಿ ನುಸುಳದಿರಲಿ ಅಂತ ಮೇಸ್ತ್ರಿ ಚೌಕಟ್ಟಿಗೆ ಮೊಳೆ ಹೊಡೆದ. ಅಮ್ಮಾವ್ರು ಹೊರಗಿನಿಂದ ಬೀಗ ಹಾಕಿ ಕೀಲಿಯನ್ನು ಮುಷ್ಟಿಯಲ್ಲಿಟ್ಟುಕೊಂಡರು, ನಡುನಡುವೆ ಬಾಗಿಲು ತೆಗೆದು ಮೋಸ ಮಾಡಬಾರದಲ್ಲ.

ಅತ್ತೆಗೆ ಹಳೆಯ ಪರದೆಗಳನ್ನು ಒಗೆಯುವ ಕೆಲಸ ಕೊಟ್ಟರು. ಹಿತ್ತಿಲಿನ ಒಗೆಯುವ ಕಲ್ಲು ಸರಿಯಾಗಿ ಆ ಕೋಣೆಯ ಕಿಟಕಿಗಳ ಕೆಳಗಿತ್ತು. ಅವಳು ಒಂದು ಪರದೆ ಬಡಿಯುವಳು, ತಲೆಯೆತ್ತಿ ನೋಡುವಳು. ಗಾಜಿನ ಹಿಂದೆ ಹೊಸ ಪರದೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಇಳಿಬಿಸಿಲು ಇನ್ನೂ ಹಿತ್ತಿಲಿನ ಕಾಂಪೌಂಡು ಗೋಡೆಯ ಅರ್ಧಕ್ಕೇ ಇತ್ತು, ದೀಪ ಹಚ್ಚಲು ಹೊತ್ತಿತ್ತು. ನಿನ್ನಂಥ ಅತ್ತೆ ಯಾರಿಗೂ ಬೇಡ ಕಣೇ, ಥೂ, ಅಂದುಕೊಂಡಳು. ಕಳಿಸಿದ್ದು ಅಮ್ಮಾವ್ರೂ ಅಲ್ಲ, ಮೇಸ್ತ್ರಿಯೂ ಅಲ್ಲ. ಅವರು ಬರೀ ಬಾಗಿಲು ಹಾಕಿದ್ದು.

ಆಗ ಮೇಲೆ ಬಾಗಿಲು ಬಡಿದ ಸದ್ದಾಯಿತು.

ಅತ್ತೆ ಒದ್ದೆ ಕೈಯಲ್ಲೇ ಮೆಟ್ಟಿಲು ಹತ್ತಿದಳು. ಪಡಸಾಲೆಯಲ್ಲಿ ಕೋಣೆಯ ಬಾಗಿಲಿಗೆ ಬೆನ್ನು ತಾಗಿಸಿ ಆರಾಮ ಕುರ್ಚಿ, ಕುರ್ಚಿಯಲ್ಲಿ ಧಣಿ, ಧಣಿಯ ಬಾಯಲ್ಲಿ ಚುಟ್ಟಾ. ಕೆಳಗೆ ಬಿಟ್ಟ ಹೊಗೆ ನೆಲದ ಮೇಲೆ ತೆವಳಿಕೊಂಡು ಬಾಗಿಲ ಸಂದಿನೊಳಗೆ ಹೋಗುತ್ತಿತ್ತು. ಪಕ್ಕದಲ್ಲೇ ಅಮ್ಮಾವ್ರು ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದರು, ಅವರ ಹಿಂದೆ ಮೇಸ್ತ್ರಿ.

“ಅಮ್ಮಾವ್ರೇ, ಹೊಗೆ ಬರ್ತಿದೆ! ತೆಗೀರಿ, ಉಸಿರು ಕಟ್ತಿದೆ!” ಒಳಗಿನಿಂದ ಸೊಸೆಯ ದನಿ.

“ಬರ್ತಿದೆಯಾ? ಎಲ್ಲಿಂದ? ಗೋಡೆಯಿಂದ್ಲಾ, ಕಪಾಟಿಂದ್ಲಾ? ಬಡೀಬೇಡ, ಸರಿಯಾಗಿ ಮೂಸಿ ಹೇಳು! ಮೇಸ್ತ್ರಿ, ನಾನು ಹೇಳ್ಲಿಲ್ವಾ, ಗೋಡೆಯೊಳಗೆ ಇನ್ನೂ ಇದೆ ಅಂತ?”

ಅತ್ತೆ ಅಮ್ಮಾವ್ರ ಮುಖ ನೋಡಿದಳು. ದೇವರು ಈ ಹೆಂಗಸಿಗೆ ಕಣ್ಣು ಕೊಟ್ಟಿದ್ದಾನೆ, ಮುಖದ ಮಧ್ಯೆ ಮೂಗನ್ನೂ ಕೊಟ್ಟಿದ್ದಾನೆ. ಗಂಡನ ಚುಟ್ಟಾದ ಹೊಗೆ ಆ ಮೂಗಿನ ಮುಂದೆಯೇ ಸುಳಿದು ಹೋಗುತ್ತಿತ್ತು.

“ಗೋಡೆಯಿಂದಲ್ಲ ಅಮ್ಮಾವ್ರೇ, ಧಣಿಗಳ ಬಾಯಿಂದ! ಬಾಗಿಲ ಕೆಳಗೆ ನೋಡಿ! ಕೀಲಿ ಕೊಡಿ!”

“ಏನಂದೆ?” ಧಣಿ ಚುಟ್ಟಾ ತೆಗೆದ. “ರೂಮಲ್ಲಿ ಸೇದ್ಬೇಡ ಅಂದ್ರಿ, ಹೊರಗೆ ಬಂದು ಕೂತೆ. ನನ್ನ ಮನೇಲಿ ಹೊರಗೆ ಕೂತು ಸೇದೋಕೂ ನಿನ್ನ ಅಪ್ಪಣೆ ಬೇಕೇನೇ, ಲೌಡಿ?”

“ನಿಮ್ಮ ಕಾಲಿಗೆ ಬೀಳ್ತೀನಿ, ಮಗು ಸರಿಯಾಗಿ ಒದೀತಿಲ್ಲ ಅವಳಿಗೆ, ಬಾಗಿಲು ತೆಗೀರಿ!”

“ತೆಗೆದ್ರೆ ಮತ್ತೆ ಮೊದಲಿಂದ ಶುರುಮಾಡ್ಬೇಕು,” ಅಂದರು ಅಮ್ಮಾವ್ರು. “ಇನ್ನೇನು ಹೊತ್ತು ಮುಳುಗುತ್ತೆ. ತಾಳ್ಮೆ ಅನ್ನೋದೇ ಇಲ್ಲ ನಿಮ್ಮ ಜನಕ್ಕೆ.”

ಅತ್ತೆ ಕೀಲಿಯಿದ್ದ ಆ ಮುಷ್ಟಿಗೆ ಕೈ ಹಾಕಿದಳು. ಮೇಸ್ತ್ರಿ ಅವಳ ಜುಟ್ಟು ಹಿಡಿದು ಎಳೆದ, ತೋಳು ತಿರುಚಿ ದರದರನೆ ಮೆಟ್ಟಿಲಿಳಿಸಿ ಹಿತ್ತಿಲಿಗೆ ನೂಕಿದ. ಅವಳು ಒದ್ದೆ ಪರದೆಗಳ ಮೇಲೆ ಬಿದ್ದಳು. ಮೊಣಕೈ ತರಚಿ ರಕ್ತ ಬಂತು.

“ಬೊಗಳಿದ್ರೆ ಇಬ್ಬರಿಗೂ ಇವತ್ತೇ ಕೊನೆ,” ಅಂದ ಅವನು, ಹಿತ್ತಿಲ ಬಾಗಿಲಿಗೆ ಅಡ್ಡ ನಿಂತು.

ಮೇಲೆ ಬಾಗಿಲು ಬಡಿಯುವುದು ನಿಂತಿತ್ತು. ಅತ್ತೆ ಎದ್ದು ಕೂತು ತಲೆಯೆತ್ತಿದಳು. ಕಿಟಕಿಯ ಪರದೆ ಸರಿಯಿತು, ಗಾಜಿಗೆ ಒತ್ತಿದ ಸೊಸೆಯ ಮುಖ ಕಂಡಿತು. ಬಾಯಿ ತೆರೆದಿತ್ತು. ಅವಳ ಉಸಿರು ತಾಗಿದಲ್ಲಿ ಗಾಜು ಮಂಜಾಯಿತು. ಅವಳು ಚೌಕಟ್ಟು ಹಿಡಿದು ಅಲುಗಿಸಿದಳು. ಮೇಸ್ತ್ರಿಯ ಮೊಳೆ ಗಟ್ಟಿಯಾಗಿತ್ತು. ಮುಖ ಹಿಂದೆ ಹೋಯಿತು.

ಮತ್ತೆ ಬಂದಾಗ ಅವಳ ಎರಡೂ ಕೈಯಲ್ಲಿ ಸ್ಟೂಲಿತ್ತು.

ಮೊದಲ ಏಟಿಗೆ ಗಾಜು ಬಿರುಕು ಬಿಟ್ಟಿತು, ಎರಡನೆಯದಕ್ಕೆ ಪುಡಿಪುಡಿಯಾಗಿ ಒಗೆಯುವ ಕಲ್ಲಿನ ಮೇಲೆ ಸುರಿಯಿತು. ಸೊಸೆ ಆ ತೂತಿಗೆ ಮುಖವಿಟ್ಟು ಉಸಿರೆಳೆದಳು, ಬಾವಿಯಿಂದ ಎತ್ತಿದವರು ಎಳೆಯುವ ಹಾಗೆ. ಎಳೆದು, ಕೆಮ್ಮಿ, ಪಕ್ಕದ ಗಾಜಿಗೆ ಬೀಸಿದಳು. ಆಮೇಲೆ ಅದರ ಪಕ್ಕದ್ದಕ್ಕೆ. ಒಂದು ಕಿಟಕಿ ಮುಗಿಸಿ ಇನ್ನೊಂದಕ್ಕೆ ಹೋದಳು. ಆತುರವಿರಲಿಲ್ಲ ಅವಳಿಗೆ. ಗೋಡೆ ತೊಳೆಯುವಾಗ ಮಾಡುವ ಹಾಗೇ, ಕೆಳಗಿನಿಂದ ಮೇಲಕ್ಕೆ ಕೆಲಸ ಮಾಡುತ್ತಿದ್ದಳು.

“ಅಯ್ಯೋ, ಹೊಸ ಪರದೆ! ಹಾಸಿಗೆ ತುಂಬಾ ಗಾಜಾಯ್ತು! ಹಿಡೀರೋ ಅವಳನ್ನ!” ಮೇಲೆ ಅಮ್ಮಾವ್ರು ಕಿರುಚುತ್ತಿದ್ದರು. ಅವಸರದಲ್ಲಿ ಕೀಲಿ ಬೀಗಕ್ಕೆ ಕೂರದೆ ಕಿಟಿಕಿಟಿ ಅನ್ನುವುದೂ ಕೇಳುತ್ತಿತ್ತು. ಧಣಿ ಪಡಸಾಲೆಯ ಹಿತ್ತಿಲ ಕಡೆಯ ಕಟಕಟೆಗೆ ಬಂದು ಬಾಗಿ, “ಏಯ್! ಏಯ್!” ಅಂತ ಕೂಗಿದ. ಅವನ ಬಾಯಿಂದ ಚುಟ್ಟಾ ಉದುರಿ ಹಿತ್ತಿಲಿಗೆ ಬಿತ್ತು.

ಮೇಸ್ತ್ರಿಯ ಮುಖ ಬೆಳ್ಳಗಾಗಿತ್ತು. ಅವನು ಓಡಿಬಂದು ಅತ್ತೆಯ ಭುಜ ಹಿಡಿದು ಅಲುಗಿಸಿದ. “ಹೇಳೇ, ನಿಲ್ಸು ಅಂತ ಹೇಳೇ ಅವಳಿಗೆ! ನಿನ್ನ ಮಾತಾದ್ರೆ ಕೇಳ್ತಾಳೆ ಅವಳು! ಧಣಿ ನನ್ನ ಚರ್ಮ ಸುಲೀತಾರೆ, ಹೇಳೇ!”

ಮೇಲೆ ಸ್ಟೂಲು ಗಾಳಿಯಲ್ಲೇ ನಿಂತಿತು. ಮೇಸ್ತ್ರಿಯ ಮಾತು ಸೊಸೆಗೂ ಕೇಳಿಸಿತ್ತು. ಗಾಜಿಲ್ಲದ ಚೌಕಟ್ಟಿನಲ್ಲಿ ನಿಂತು, ಕೆದರಿದ ಕೂದಲಲ್ಲಿ, ರಕ್ತ ಸೋರುವ ಕೈಯಲ್ಲಿ ಅವಳು ಕೆಳಗೆ ಅತ್ತೆಯನ್ನು ನೋಡಿದಳು. ಏನು ಮಾಡಲಿ ಅಂತ ಕೇಳುವಾಗ ಯಾವಾಗಲೂ ನೋಡುತ್ತಿದ್ದ ನೋಟ ಅದೇ.

ಅತ್ತೆ ಮೇಸ್ತ್ರಿಯ ಕೈಯನ್ನು ಭುಜದಿಂದ ಕಿತ್ತೆಸೆದು ಎದ್ದು ನಿಂತಳು. ಸೊಂಟದ ಮೇಲೆ ಕೈಯಿಟ್ಟು, ಒಪ್ಪಿಸುವ ಮೊದಲು ಕೆಲಸ ನೋಡುವವಳ ಹಾಗೆ, ಈ ಕಿಟಕಿ ಆ ಕಿಟಕಿ ಎರಡನ್ನೂ ನಿಧಾನವಾಗಿ ನೋಡಿದಳು.

“ಮೇಲ್ಗಡೆ, ಎಡಗಡೆ ಮೂಲೇದು ಹಾಗೇ ಉಳಿದಿದೆ ನೋಡೇ,” ಅಂತ ಕೂಗಿದಳು. “ಅದನ್ನ ಯಾರಿಗೆ ಬಿಟ್ಟೆ? ಅದಕ್ಕೂ ಒಂದು ಬಿಡು!”